ಎಲಿಕ್ಸರ್ ಟೆಸ್ಟ್‌ಗಳಲ್ಲಿ ಅಸರ್ಷನ್ ಎಷ್ಟು ಬಿಗಿಯಾಗಿರಬೇಕು? ಅಡಿಕೆ ಲಾಟ್‌ಗಳ ಲೆಕ್ಕದಲ್ಲಿ ಎದುರಾದ ಪ್ರಶ್ನೆಗಳು

ತೋಟದಂಚು (ಶಿರಸಿ) ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಶಿರಸಿಯಲ್ಲಿ ನಾವು ಕೆಲವರು ಸೇರಿ ಅಡಿಕೆ ವ್ಯಾಪಾರದ ಲೆಕ್ಕ ನೋಡಿಕೊಳ್ಳುವ ತಂತ್ರಾಂಶವೊಂದನ್ನು ಎಲಿಕ್ಸರ್ ಭಾಷೆಯಲ್ಲಿ ಬರೆಯುತ್ತಿದ್ದೇವೆ. ಬೆಳೆಗಾರರು ತಂದ ಚಾಲಿ, ರಾಶಿ, ಬೆಟ್ಟೆ, ಬಿಳಿಗೋಟು ಮುಂತಾದ ಮಾಲು ಲಾಟ್‌ಗಳಾಗಿ ಟೆಂಡರಿಗೆ ಹೋಗುತ್ತದೆ. ಖರೀದಿದಾರರು ಪ್ರತಿ ಲಾಟಿಗೂ ಕ್ವಿಂಟಲಿಗೆ ಇಷ್ಟು ಎಂದು ದರ ಬರೆಯುತ್ತಾರೆ, ಹೆಚ್ಚು ದರ ಬರೆದವರಿಗೆ ಲಾಟ್ ಸೇರುತ್ತದೆ, ಆಮೇಲೆ ತೂಕ, ದರ, ಹಮಾಲಿ ಮತ್ತಿತರ ಕಡಿತಗಳನ್ನೆಲ್ಲ ಲೆಕ್ಕ ಹಾಕಿ ಬೆಳೆಗಾರರ ಕೈಗೆ ಪಟ್ಟಿ (ಲೆಕ್ಕದ ಚೀಟಿ) ಕೊಡಬೇಕು. ಲೆಕ್ಕದ ಭಾಗ ಬಹುತೇಕ ಶುದ್ಧ ಫಂಕ್ಷನ್‌ಗಳಲ್ಲಿದೆ, ಅಂದರೆ ಒಂದೇ ಇನ್‌ಪುಟ್‌ಗೆ ಯಾವಾಗಲೂ ಒಂದೇ ಉತ್ತರ ಕೊಡುವ ಫಂಕ್ಷನ್‌ಗಳಲ್ಲಿ; ಡೇಟಾಬೇಸ್ ಮತ್ತು ಮುದ್ರಣದ ಕೆಲಸ ಅದರ ಹೊರಗಿದೆ. ಆದ್ದರಿಂದ ಟೆಸ್ಟ್ ಬರೆಯುವುದು ಸುಲಭವಾಗಬೇಕಿತ್ತು. ಆದರೆ ಅಸರ್ಷನ್ (ಉತ್ತರ ಹೀಗೇ ಇರಬೇಕು ಎಂದು ಅಸರ್ಟ್ ಬಳಸಿ ಟೆಸ್ಟ್‌ನಲ್ಲಿ ಬರೆಯುವ ಸಾಲು) ಹೇಗಿರಬೇಕು ಎಂಬ ವಿಷಯದಲ್ಲಿ ನಮ್ಮೊಳಗೇ ಒಮ್ಮತವಿಲ್ಲ.

ಮೊದಲನೆಯ ತೊಡಕು ಹೀಗಿದೆ. 150 ಕೆಜಿ ರಾಶಿಗೆ ಕ್ವಿಂಟಲಿಗೆ 42,000 ರೂಪಾಯಿ ದರವಾದರೆ ಮೊತ್ತ 63,000 ರೂಪಾಯಿ. ಡೆಸಿಮಲ್ ಲೈಬ್ರರಿಯಲ್ಲಿ 1.5 ಅನ್ನು 42,000 ದಿಂದ ಗುಣಿಸಿ ಬಂದ ಉತ್ತರವನ್ನು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಿಂದ ಓದಿ ತಂದ ಮೊತ್ತದ ಜೊತೆ == ಹಾಕಿ ಹೋಲಿಸಿದರೆ ಟೆಸ್ಟ್ ಬೀಳುತ್ತದೆ. ಎಡಬದಿಯಲ್ಲಿ 63000.0, ಬಲಬದಿಯಲ್ಲಿ 63000.00 ಎಂದು ತೋರಿಸುತ್ತದೆ.

ಎರಡನೆಯದು, ನಮ್ಮ ಗೆಳೆಯರೊಬ್ಬರು ಬಹುತೇಕ ಎಲ್ಲ ಟೆಸ್ಟ್‌ಗಳನ್ನೂ ಪ್ಯಾಟರ್ನ್ ಮ್ಯಾಚ್ (ಫಲಿತಾಂಶದ ಆಕಾರವನ್ನು ಬರೆದು ಹೊಂದಿಸಿ ನೋಡುವ) ರೂಪದಲ್ಲಿ ಬರೆಯುತ್ತಾರೆ. ಅಸರ್ಟ್ ಮುಂದೆ ಒಂದು ಮ್ಯಾಪ್ (ಕೀ ಎಂಬ ಹೆಸರು ಮತ್ತು ಅದರ ಬೆಲೆಗಳ ಜೋಡಿಗಳ ಗುಂಪು) ಬರೆದು, ಅದರಲ್ಲಿ ‘ಸ್ಥಿತಿ: ಮಾರಾಟವಾಗಿದೆ’ ಎಂಬ ಒಂದೇ ಕೀ ಇಟ್ಟು, ಒಂದೇ = ಚಿಹ್ನೆಯಿಂದ ಫಲಿತಾಂಶಕ್ಕೆ ಹೊಂದಿಸುತ್ತಾರೆ. ಓದಲು ಅದು ಅಚ್ಚುಕಟ್ಟಾಗಿದೆ. ಆದರೆ ಕಡಿತಗಳ ಕೀ ಫಲಿತಾಂಶದಿಂದ ಪೂರ್ತಿ ಬಿಟ್ಟುಹೋದರೂ ಟೆಸ್ಟ್ ಹಸಿರಾಗಿಯೇ (ತೇರ್ಗಡೆಯಾಗಿಯೇ) ಉಳಿಯುತ್ತದೆ. ಹಾಗೆಂದು ಎಲ್ಲ ಕಡೆಯೂ ಪೂರ್ಣ ಸಮತ್ವವನ್ನೇ ಕೇಳಿದರೆ, ಹೊಸ ಕೀ ಒಂದು ಸೇರಿದ ಕೂಡಲೇ ಸಂಬಂಧವಿಲ್ಲದ ಟೆಸ್ಟ್‌ಗಳೂ ಸಾಲಾಗಿ ಬೀಳುತ್ತವೆ.

ಇದರ ಜೊತೆಗೆ, ಒಂದು ಟೆಸ್ಟ್‌ನಲ್ಲಿ ಎಷ್ಟು ಅಸರ್ಷನ್ ಇರಬೇಕು, ಪ್ರತಿಯೊಂದಕ್ಕೂ ನಮ್ಮದೇ ಸಂದೇಶ ಕೊಡಬೇಕೇ, ಪ್ರಾಪರ್ಟಿ ಟೆಸ್ಟ್ (ಯಾದೃಚ್ಛಿಕ ಇನ್‌ಪುಟ್‌ಗಳಿಗೆಲ್ಲ ಒಂದು ಗುಣ ನಿಲ್ಲುತ್ತದೆಯೇ ಎಂದು ನೋಡುವ ಟೆಸ್ಟ್) ನಮ್ಮಂಥ ಚಿಕ್ಕ ಕೆಲಸಕ್ಕೆ ಪ್ರಯೋಜನವೇ ಎಂಬುದನ್ನೂ ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಕಾಳಿಸಂಗಮ (ಕಾರವಾರ) ಅವರ ಉತ್ತರ

ನಿಮ್ಮ ಮೊದಲ ತೊಡಕಿಗೆ ಕಾರಣ ಸರಳವಾಗಿದೆ. ಡೆಸಿಮಲ್ ಎನ್ನುವುದು ಒಳಗೆ ಒಂದು ಸ್ಟ್ರಕ್ಟ್ (ನಿಗದಿತ ಕೀಗಳಿರುವ ಮ್ಯಾಪ್). ಅದರಲ್ಲಿ ಚಿಹ್ನೆ, ಅಂಕಿಗಳು ಮತ್ತು ಹತ್ತರ ಘಾತ ಬೇರೆ ಬೇರೆಯಾಗಿ ಇರುತ್ತವೆ. 63000.0 ಎಂದರೆ ಅಂಕಿ 630000, ಘಾತ ಋಣ 1. 63000.00 ಎಂದರೆ ಅಂಕಿ 6300000, ಘಾತ ಋಣ 2. == ಚಿಹ್ನೆಯು ಸ್ಟ್ರಕ್ಟ್‌ನ ಕೀಗಳಲ್ಲಿರುವುದನ್ನು ಒಂದೊಂದಾಗಿ ಹೋಲಿಸುತ್ತದೆಯೇ ಹೊರತು ಒಟ್ಟು ಸಂಖ್ಯೆಯ ಬೆಲೆಯನ್ನಲ್ಲ. ನಿಮ್ಮ ಕಾಲಮ್‌ಗೆ ದಶಮಾಂಶದ ಎರಡು ಸ್ಥಾನ ಎಂದು ನಿಗದಿಯಾಗಿರುವುದರಿಂದ ಪೋಸ್ಟ್‌ಗ್ರೆಸ್ ಯಾವಾಗಲೂ ಎರಡು ಸೊನ್ನೆ ತುಂಬಿಯೇ ಕೊಡುತ್ತದೆ. ಇದಕ್ಕಾಗಿಯೇ ಆ ಲೈಬ್ರರಿಯಲ್ಲಿ ಈಕ್ವಲ್ ಎಂಬ, ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರುವ ಫಂಕ್ಷನ್ ಇದೆ. ಅದನ್ನು ಅಸರ್ಟ್ ಒಳಗೆ ಕರೆಯಿರಿ. ಅದರ ಪಕ್ಕದಲ್ಲಿಯೇ ಇರುವ ಕಂಪೇರ್ ಫಂಕ್ಷನ್‌ನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅದು ಸಮ, ಕಡಿಮೆ ಅಥವಾ ಹೆಚ್ಚು ಎಂಬ ಆಟಮ್ (ತನ್ನ ಹೆಸರೇ ತನ್ನ ಬೆಲೆಯಾದ ಸ್ಥಿರ ಪದ) ಒಂದನ್ನು ಹಿಂದಿರುಗಿಸುತ್ತದೆ, ಮತ್ತು ಎಲಿಕ್ಸರ್‌ನಲ್ಲಿ ನಿಲ್ ಹಾಗೂ ಫಾಲ್ಸ್ ಬಿಟ್ಟು ಮಿಕ್ಕಿದ್ದೆಲ್ಲವೂ ಸತ್ಯವೇ ಆದ್ದರಿಂದ, ಅದನ್ನು ನೇರವಾಗಿ ಅಸರ್ಟ್‌ಗೆ ಕೊಟ್ಟರೆ ಮೊತ್ತ ಎಷ್ಟೇ ತಪ್ಪಿದ್ದರೂ ಆ ಟೆಸ್ಟ್ ಎಂದಿಗೂ ಬೀಳುವುದಿಲ್ಲ.

ಆದರೂ ನನ್ನ ಅಭಿಪ್ರಾಯದಲ್ಲಿ ಈ ತೊಡಕನ್ನು ಟೆಸ್ಟ್‌ನಲ್ಲಿ ಬಗೆಹರಿಸುವುದಕ್ಕಿಂತ ಲೆಕ್ಕದಲ್ಲೇ ಬಗೆಹರಿಸುವುದು ಒಳ್ಳೆಯದು. ಹಣವನ್ನು ಪೈಸೆಯಲ್ಲಿ, ತೂಕವನ್ನು ಗ್ರಾಂನಲ್ಲಿ, ಎರಡನ್ನೂ ಪೂರ್ಣಾಂಕಗಳಾಗಿ ಇಟ್ಟುಕೊಂಡರೆ ಸಮತ್ವದ ಗೊಂದಲವೇ ಹುಟ್ಟುವುದಿಲ್ಲ. ಪೂರ್ಣಾಂಕವಾಗದ ಬೆಲೆ ಮುಖ್ಯವಾಗಿ ಬರುವುದು ಕ್ವಿಂಟಲ್ ದರವನ್ನು ಗ್ರಾಂ ತೂಕಕ್ಕೆ ಅನ್ವಯಿಸುವಾಗ. ಒಂದು ಉದಾಹರಣೆ ನೋಡಿ. 187.5 ಕೆಜಿ ಚಾಲಿಗೆ ಕ್ವಿಂಟಲಿಗೆ 41,899 ರೂಪಾಯಿ ದರವೆಂದು ಇಟ್ಟುಕೊಂಡರೆ ಮೊತ್ತ 78,560.625 ರೂಪಾಯಿ ಆಗುತ್ತದೆ. ಅರ್ಧ ಪೈಸೆಯನ್ನು ಮೇಲಕ್ಕೆ ಏರಿಸಿದರೆ 78,560.63, ಸಮ ಅಂಕಿಯ ಕಡೆಗೆ ತಿರುಗಿಸುವ ಪದ್ಧತಿಯಲ್ಲಿ 78,560.62. ಡೆಸಿಮಲ್ ಲೈಬ್ರರಿಯ ರೌಂಡ್, ಬೇರೆ ಏನೂ ಹೇಳದಿದ್ದರೆ, ಮೊದಲನೆಯದನ್ನು ಮಾಡುತ್ತದೆ. ನಿಮ್ಮ ಟೆಸ್ಟ್‌ನಲ್ಲಿ 63,000 ದಂಥ ದುಂಡು ಸಂಖ್ಯೆಗಳೇ ತುಂಬಿದ್ದರೆ ಈ ವ್ಯತ್ಯಾಸ ಎಂದೂ ಹೊರಬೀಳುವುದಿಲ್ಲ, ಆದ್ದರಿಂದ ಅರ್ಧ ಪೈಸೆ ಉಳಿಯುವಂಥ ಇಂತಹ ತೂಕ ಮತ್ತು ದರವನ್ನು ಬೇಕೆಂದೇ ಹುಡುಕಿ ಹಾಕಿ.

ಎರಡನೆಯ ಪ್ರಶ್ನೆಯಲ್ಲಿ ಇಬ್ಬರ ಮಾತಿನಲ್ಲೂ ಹುರುಳಿದೆ. ಪ್ಯಾಟರ್ನ್‌ನಲ್ಲಿ ಬರೆದ ಮ್ಯಾಪ್ ತಾನು ಹೆಸರಿಸಿದ ಕೀಗಳನ್ನಷ್ಟೇ ನೋಡುತ್ತದೆ. ಖಾಲಿ ಮ್ಯಾಪ್ ಬರೆದರೆ ಅದು ಜಗತ್ತಿನ ಯಾವ ಮ್ಯಾಪ್‌ಗಾದರೂ ಹೊಂದಿಕೊಳ್ಳುತ್ತದೆ. ಖಾಲಿ ಪಟ್ಟಿ (ಲಿಸ್ಟ್) ಮಾತ್ರ ಹಾಗಲ್ಲ, ಅದು ಖಾಲಿ ಪಟ್ಟಿಗೇ ಹೊಂದುತ್ತದೆ. ಈ ಭೇದ ತಿಳಿಯದೆ ‘ಕಡಿತ ಏನೂ ಇಲ್ಲ’ ಎಂದು ಪರೀಕ್ಷಿಸಲು ಖಾಲಿ ಮ್ಯಾಪ್ ಬರೆದಿರುವ ಟೆಸ್ಟ್‌ಗಳನ್ನು ನಾನು ನೋಡಿದ್ದೇನೆ. ಇನ್ನೊಂದು ಹಳ್ಳವೆಂದರೆ ವೇರಿಯಬಲ್‌ಗಳದು. ಮೇಲಿನ ಸಾಲಿನಲ್ಲಿ ‘ಮೊತ್ತ’ ಎಂಬ ವೇರಿಯಬಲ್ ಇಟ್ಟುಕೊಂಡು, ಕೆಳಗೆ ಪ್ಯಾಟರ್ನ್‌ನಲ್ಲಿ ಅದೇ ಹೆಸರನ್ನು ^ ಎಂಬ ಪಿನ್ ಚಿಹ್ನೆಯಿಲ್ಲದೆ ಬರೆದರೆ, ಹೋಲಿಕೆ ನಡೆಯುವುದೇ ಇಲ್ಲ, ಹೊಸ ಬೆಲೆ ಆ ಹೆಸರಿಗೆ ಬಂದು ಕೂರುತ್ತದೆ. ನಾನು ಅನುಸರಿಸುವ ಕ್ರಮವೇನೆಂದರೆ, ಫಲಿತಾಂಶದ ಹೊರಕವಚವನ್ನು, ಅಂದರೆ ‘ಓಕೆ’ ಮತ್ತು ಅದರೊಳಗಿನ ಬೆಲೆ ಇರುವ ಟ್ಯೂಪಲ್ (ಇಂತಿಷ್ಟೇ ಅಂಶಗಳ ಕಟ್ಟು) ಅನ್ನು, ಪ್ಯಾಟರ್ನ್‌ನಿಂದ ಬಿಚ್ಚುವುದು; ಒಳಗಿನ ತಿರುಳನ್ನು == ನಿಂದಲೇ ಹೋಲಿಸುವುದು. ಎಲ್ಲ ಕೀಗಳೂ ಬೇಡವಾದರೆ ಮ್ಯಾಪ್ ಮಾಡ್ಯೂಲಿನ ಟೇಕ್ ಫಂಕ್ಷನ್‌ನಿಂದ ಆ ಟೆಸ್ಟ್‌ಗೆ ಸಂಬಂಧಿಸಿದ ಮೂರು ನಾಲ್ಕು ಕೀಗಳನ್ನು ಆರಿಸಿಕೊಂಡು, ಅಷ್ಟನ್ನೇ ಪೂರ್ಣ ಸಮತ್ವದಿಂದ ನೋಡಬಹುದು. ಹೀಗೆ ಮಾಡಿದರೆ ಆರಿಸಿದ ಕೀ ಕಾಣೆಯಾದಾಗ ಟೆಸ್ಟ್ ಬೀಳುತ್ತದೆ, ಸಂಬಂಧವಿಲ್ಲದ ಹೊಸ ಕೀ ಬಂದಾಗ ಬೀಳುವುದಿಲ್ಲ.

ಒಂದು ಟೆಸ್ಟ್‌ಗೆ ಎಷ್ಟು ಅಸರ್ಷನ್ ಎಂಬುದಕ್ಕೂ ಇದರಲ್ಲೇ ಉತ್ತರವಿದೆ. ಎಲಿಕ್ಸರ್ ಜೊತೆಗೇ ಬರುವ ಟೆಸ್ಟ್ ಚೌಕಟ್ಟಾದ ಎಕ್ಸ್‌ಯೂನಿಟ್‌ನಲ್ಲಿ ಮೊದಲ ಅಸರ್ಷನ್ ಬಿದ್ದ ಕೂಡಲೇ ಆ ಟೆಸ್ಟ್ ಅಲ್ಲಿಗೇ ನಿಲ್ಲುತ್ತದೆ. ಒಟ್ಟು ಮೊತ್ತ, ಹಮಾಲಿ, ನಿವ್ವಳ ಎಂದು ಮೂರು ಸಾಲು ಬರೆದರೆ ಮೊದಲನೆಯದರ ತಪ್ಪು ಮಾತ್ರ ಕಣ್ಣಿಗೆ ಬೀಳುತ್ತದೆ. ಮೂರನ್ನೂ ಒಂದೇ ಮ್ಯಾಪ್ ಆಗಿ ಹೋಲಿಸಿದರೆ ಎಲ್ಲಿ ಎಲ್ಲಿ ವ್ಯತ್ಯಾಸವಿದೆ ಎಂಬುದನ್ನು ಬಣ್ಣದ ಸಮೇತ ಒಟ್ಟಿಗೆ ತೋರಿಸುತ್ತದೆ, ಮತ್ತು ಒಟ್ಟು ಸರಿಯಿದ್ದು ನಿವ್ವಳ ಮಾತ್ರ ತಪ್ಪಿದ್ದರೆ ದೋಷ ಕಡಿತದಲ್ಲಿದೆ ಎಂದು ಆ ನೋಟದಿಂದಲೇ ತಿಳಿಯುತ್ತದೆ.

ಸಂದೇಶದ ವಿಷಯದಲ್ಲಿ ನನ್ನ ಸಲಹೆ, ಸಾಧ್ಯವಾದಷ್ಟು ಕೊಡಬೇಡಿ ಎಂದೇ. ಅಸರ್ಟ್‌ಗೆ ಒಂದೇ ಆರ್ಗ್ಯುಮೆಂಟ್ ಇದ್ದಾಗ ಅದು ಮ್ಯಾಕ್ರೋ. ನೀವು ಬರೆದ ವಾಕ್ಯದ ರಚನೆಯೇ ಅದಕ್ಕೆ ಸಿಗುವುದರಿಂದ ಎಡ, ಬಲ ಎರಡನ್ನೂ ಬಿಡಿಸಿ ತೋರಿಸಬಲ್ಲದು. ಸಂದೇಶವನ್ನು ಎರಡನೆಯ ಆರ್ಗ್ಯುಮೆಂಟ್ ಆಗಿ ಸೇರಿಸಿದ ಕ್ಷಣ ಅದು ಸಾದಾ ಫಂಕ್ಷನ್ ಆಗುತ್ತದೆ, ಅದರ ಕೈಗೆ ಸಿಗುವುದು ಸತ್ಯ ಅಥವಾ ಅಸತ್ಯ ಎಂಬ ಬೆಲೆ ಮಾತ್ರ, ಮತ್ತು ಪರದೆಯ ಮೇಲೆ ‘ಮೊತ್ತ ಸರಿಯಿಲ್ಲ’ ಎಂಬ ನಿಮ್ಮದೇ ವಾಕ್ಯ ಬಿಟ್ಟರೆ ಎಷ್ಟು ಬಂತು, ಎಷ್ಟು ಬರಬೇಕಿತ್ತು ಎಂಬ ಸುಳಿವೇ ಇರುವುದಿಲ್ಲ.

ಇನ್ನು ನೀವು ಕೇಳದ ವಿಷಯವೊಂದು. ಲಾಟ್‌ಗಳ ಪಟ್ಟಿಯ ಮೇಲೆ ಫಾರ್ (ಅಂಶಗಳನ್ನು ಒಂದೊಂದಾಗಿ ತೆಗೆದುಕೊಳ್ಳುವ ರಚನೆ) ಬರೆದು, ಬಾಣದ ಎಡಗಡೆ ‘ಓಕೆ’ ಟ್ಯೂಪಲ್‌ನ ಪ್ಯಾಟರ್ನ್ ಇಟ್ಟು, ಒಳಗೆ ಅಸರ್ಟ್ ಹಾಕುವ ರೂಢಿ ಕೆಲವರಿಗಿದೆ. ಪ್ಯಾಟರ್ನ್‌ಗೆ ಹೊಂದದ ಅಂಶಗಳನ್ನು ಫಾರ್ ಸದ್ದಿಲ್ಲದೆ ದಾಟಿ ಹೋಗುತ್ತದೆ. ಎಲ್ಲ ಲಾಟ್‌ಗಳೂ ‘ಎರರ್’ ಎಂದೇ ಬಂದಿದ್ದರೆ ಒಂದು ಅಸರ್ಷನ್ ಕೂಡ ನಡೆಯದೆ ಟೆಸ್ಟ್ ತೇರ್ಗಡೆಯಾಗುತ್ತದೆ. ಈನಮ್ ಮಾಡ್ಯೂಲಿನ ಆಲ್ ಫಂಕ್ಷನ್ ಕೂಡ ಖಾಲಿ ಪಟ್ಟಿಗೆ ಸತ್ಯ ಎಂದೇ ಹೇಳುತ್ತದೆ. ಪಟ್ಟಿಯ ಉದ್ದವನ್ನು ಮೊದಲು ಪರೀಕ್ಷಿಸಿ, ಆಮೇಲೆ ಒಳಗೆ ಇಳಿಯಿರಿ.

ಅಘನಾಶಿನಿ ತೀರ (ಕುಮಟಾ) ಅವರ ಉತ್ತರ

ಮೇಲಿನ ಉತ್ತರಕ್ಕೆ ನನ್ನ ಸಹಮತವಿದೆ. ನಾನು ಹೆಚ್ಚಾಗಿ ಹ್ಯಾಸ್ಕೆಲ್ ಎಂಬ ಇನ್ನೊಂದು ಭಾಷೆ ಬಳಸುವವನಾದ್ದರಿಂದ ಪ್ರಾಪರ್ಟಿ ಟೆಸ್ಟ್‌ಗಳ ಕುರಿತು ಮಾತ್ರ ಬರೆಯುತ್ತೇನೆ. ಈ ಪದ್ಧತಿ ಜನಪ್ರಿಯವಾದದ್ದು ಸ್ವೀಡನ್‌ನ ಚಾಮರ್ಸ್ ವಿಶ್ವವಿದ್ಯಾಲಯದ ಕೋನ್ ಕ್ಲಾಸೆನ್ ಮತ್ತು ಜಾನ್ ಹ್ಯೂಸ್ 2000 ದಲ್ಲಿ ಪ್ರಕಟಿಸಿದ ಕ್ವಿಕ್‌ಚೆಕ್ ಎಂಬ ಹ್ಯಾಸ್ಕೆಲ್ ಲೈಬ್ರರಿಯಿಂದ. ಎಲಿಕ್ಸರ್‌ನಲ್ಲಿ ಅದೇ ಕೆಲಸವನ್ನು ಸ್ಟ್ರೀಮ್‌ಡೇಟಾ ಮಾಡುತ್ತದೆ. ಎರಡೂ ಸಾಮಾನ್ಯವಾಗಿ ಒಂದು ಗುಣಕ್ಕೆ 100 ಯಾದೃಚ್ಛಿಕ ಉದಾಹರಣೆಗಳನ್ನು ತಾವೇ ತಯಾರಿಸಿ ಓಡಿಸುತ್ತವೆ.

ಚಿಕ್ಕ ಕೆಲಸಕ್ಕೆ ಇದು ಬೇಕೇ ಎಂದು ಕೇಳಿದ್ದೀರಿ. ನಿಮ್ಮ ಟೆಂಡರ್ ಫಂಕ್ಷನ್ ಇದಕ್ಕೆ ಹೇಳಿ ಮಾಡಿಸಿದಂತಿದೆ. ಅದರ ಬಗ್ಗೆ ಏನನ್ನು ಹೇಳಬಹುದು ಎಂದು ಯೋಚಿಸಿ: ಗೆದ್ದ ದರ ಬರೆದ ದರಗಳಲ್ಲೊಂದು ಆಗಿರಬೇಕು, ಮಿಕ್ಕ ಯಾವ ದರವೂ ಅದಕ್ಕಿಂತ ಹೆಚ್ಚಿರಬಾರದು, ದರಗಳ ಸಾಲನ್ನು ಹೇಗೆ ಕಲಸಿದರೂ ಗೆದ್ದ ದರವೂ ಗೆದ್ದ ಖರೀದಿದಾರರೂ ಬದಲಾಗಬಾರದು. ಮೊದಲಿನ ಎರಡು ಸುಲಭವಾಗಿ ತೇರ್ಗಡೆಯಾಗುತ್ತವೆ. ಮೂರನೆಯದು ಬೀಳುವ ಸಂಭವವೇ ಹೆಚ್ಚು, ಏಕೆಂದರೆ ಇಬ್ಬರು ಒಂದೇ ದರ ಬರೆದಾಗ ಯಾರಿಗೆ ಲಾಟ್ ಎಂಬುದು ಕೋಡ್‌ನಲ್ಲಿ ನಿರ್ಧಾರವಾಗದೆ ಲೈಬ್ರರಿಯ ಮರ್ಜಿಗೆ ಬಿಟ್ಟಿರುತ್ತದೆ. ಎಲಿಕ್ಸರ್‌ನ ಮ್ಯಾಕ್ಸ್‌ಬೈ ಫಂಕ್ಷನ್ ಸಮಾನವಾದವುಗಳಲ್ಲಿ ಮೊದಲು ಸಿಕ್ಕಿದ್ದನ್ನು ಕೊಡುತ್ತದೆ. ಹ್ಯಾಸ್ಕೆಲ್‌ನ ಪಟ್ಟಿಗಳ ಮ್ಯಾಕ್ಸಿಮಮ್‌ಬೈ ಕೊನೆಯದನ್ನು ಕೊಡುತ್ತದೆ. ಎರಡೂ ತಮ್ಮ ತಮ್ಮ ಮಟ್ಟಿಗೆ ಸರಿಯೇ, ಆದರೆ ಲಾಟ್ ಕಳೆದುಕೊಂಡ ಖರೀದಿದಾರರಿಗೆ ಆ ಸಮಾಧಾನ ಸಾಲುವುದಿಲ್ಲ.

ದರಗಳನ್ನು ಹುಟ್ಟಿಸುವ ಜನರೇಟರ್ ವಿಷಯದಲ್ಲಿ ಸ್ವಲ್ಪ ಕುಯುಕ್ತಿ ಬೇಕು. 1 ರಿಂದ 1,00,000 ದವರೆಗಿನ ಯಾವುದೋ ಸಂಖ್ಯೆ ಎಂದು ಬಿಟ್ಟರೆ ಎರಡು ದರ ಸಮವಾಗುವ ಸಾಧ್ಯತೆ ತೀರ ಕಡಿಮೆ. 100 ಓಟಗಳಲ್ಲಿ ಅಂಥದ್ದು ಒಂದೂ ಬರದೆ ಹೋಗಬಹುದು. ದರವನ್ನು ಐದಾರು ಬೆಲೆಗಳಿಗೆ ಸೀಮಿತಗೊಳಿಸಿದರೆ ಸಮ ದರಗಳು ಬೇಕಾದಷ್ಟು ಬರುತ್ತವೆ. ಟೆಸ್ಟ್ ಬಿದ್ದಾಗ ಲೈಬ್ರರಿ ಆ ಉದಾಹರಣೆಯನ್ನು ಕುಗ್ಗಿಸುತ್ತಾ ಹೋಗುತ್ತದೆ: ಹತ್ತಿಪ್ಪತ್ತು ದರಗಳ ಸಾಲಿನಲ್ಲಿ ಸಿಕ್ಕಿದ ತಪ್ಪು, ಕೊನೆಗೆ ಒಂದೇ ದರ ಬರೆದ ಇಬ್ಬರು ಖರೀದಿದಾರರ ಸಾಲಾಗಿ ನಿಮ್ಮ ಮುಂದೆ ನಿಲ್ಲುತ್ತದೆ. ಓಟದ ಸೀಡ್ (ಯಾದೃಚ್ಛಿಕ ಆಯ್ಕೆಗಳು ಶುರುವಾಗುವ ಸಂಖ್ಯೆ) ಅನ್ನು ಎಕ್ಸ್‌ಯೂನಿಟ್ ತಾನೇ ಮುದ್ರಿಸುತ್ತದೆ. ಮಿಕ್ಸ್ ಟೆಸ್ಟ್ ಆದೇಶಕ್ಕೆ ಅದೇ ಸೀಡ್ ಕೊಟ್ಟರೆ ಅದೇ ತಪ್ಪನ್ನು ಮತ್ತೆ ನೋಡಬಹುದು.

ತೂಕದ ಲೆಕ್ಕಕ್ಕೂ ಒಂದು ಒಳ್ಳೆಯ ಗುಣವಿದೆ. ಒಂದು ಲಾಟನ್ನು ಎರಡು ಭಾಗ ಮಾಡಿ, ಒಂದೇ ದರದಲ್ಲಿ ಬೇರೆ ಬೇರೆ ಮೊತ್ತ ತೆಗೆದು ಕೂಡಿಸಿದರೆ, ಇಡೀ ಲಾಟಿನ ಮೊತ್ತಕ್ಕಿಂತ ಅದು ಒಂದು ಪೈಸೆಗಿಂತ ಹೆಚ್ಚು ವ್ಯತ್ಯಾಸವಾಗಕೂಡದು. ಪ್ರತಿ ಪೂರ್ಣಾಂಕೀಕರಣದಲ್ಲೂ ತಪ್ಪು ಹೆಚ್ಚೆಂದರೆ ಅರ್ಧ ಪೈಸೆ. ಮೂರು ಸೇರಿದರೆ ಒಂದೂವರೆ. ವ್ಯತ್ಯಾಸ ಪೂರ್ಣಾಂಕವೇ ಆಗಿರಬೇಕಾದ್ದರಿಂದ ಅದು ಒಂದನ್ನು ಮೀರಲಾರದು. ಇಲ್ಲಿ ಸಮತ್ವವನ್ನು ಕೇಳಿದರೆ ಸರಿಯಾದ ಕೋಡ್ ಕೂಡ ಬೀಳುತ್ತದೆ, ಹತ್ತು ರೂಪಾಯಿಯ ಸಡಿಲ ಕೊಟ್ಟರೆ ತಪ್ಪಾದ ಕೋಡ್ ನುಸುಳುತ್ತದೆ. ಸಡಿಲವನ್ನು ಹೀಗೆ ಲೆಕ್ಕ ಹಾಕಿಯೇ ಇಡಬೇಕು. ಟೆಸ್ಟ್ ಬಿದ್ದಂತೆಲ್ಲ ಅದನ್ನು ಹಿಗ್ಗಿಸುತ್ತ ಹೋಗುವುದು ಲೆಕ್ಕವಲ್ಲ.

ಮುಂದೆಂದಾದರೂ ಹ್ಯಾಸ್ಕೆಲ್ ಮುಟ್ಟುವುದಾದರೆ ಮೂರು ಮಾತು. ಅಲ್ಲಿನ ಟೆಸ್ಟ್ ಲೈಬ್ರರಿ ಎಚ್‌ಯೂನಿಟ್‌ನ ಅಸರ್ಟ್‌ಈಕ್ವಲ್‌ನಲ್ಲಿ ಸಂದೇಶದ ನಂತರ ನಿರೀಕ್ಷಿತ ಬೆಲೆ ಮೊದಲು, ದೊರೆತ ಬೆಲೆ ಆಮೇಲೆ. ಅದಲುಬದಲಾದರೂ ಕಂಪೈಲರ್ ಸುಮ್ಮನಿರುತ್ತದೆ, ಟೆಸ್ಟ್ ಬಿದ್ದಾಗ ಸಂದೇಶ ಮಾತ್ರ ತಿರುಗುಮುರುಗಾಗಿ ದಾರಿ ತಪ್ಪಿಸುತ್ತದೆ. ಅಲ್ಲಿನ ರೌಂಡ್ ಸಮ ಅಂಕಿಯ ಕಡೆಗೆ ತಿರುಗುವಂಥದ್ದು, 2.5 ಅನ್ನು ಕೊಟ್ಟರೆ 2 ಬರುತ್ತದೆ, ಎಲಿಕ್ಸರ್‌ನಲ್ಲಿ 3. ಇನ್ನು ಆ ಭಾಷೆ ಬೇಕಾಗುವವರೆಗೆ ಏನನ್ನೂ ಲೆಕ್ಕ ಹಾಕುವುದಿಲ್ಲವಾದ್ದರಿಂದ, ಎಕ್ಸೆಪ್ಷನ್ (ಓಟವನ್ನು ನಡುವೆಯೇ ತಡೆಯುವ ದೋಷ) ಬರುತ್ತದೆಯೇ ಎಂದು ನೋಡುವಾಗ ಇವ್ಯಾಲ್ಯುಯೇಟ್ ಬಳಸಬೇಕು. ಅದೂ ಹೊರಪದರವನ್ನಷ್ಟೇ ಬಿಡಿಸುತ್ತದೆ. ಪಟ್ಟಿಯ ಮೂರನೆಯ ಅಂಶದಲ್ಲಿ ಅಡಗಿದ ದೋಷ ಹೊರಬರಬೇಕಾದರೆ ಡೀಪ್‌ಸೆಕ್ (deepseq) ಲೈಬ್ರರಿಯ ಫೋರ್ಸ್ ಬೇಕು.

ಲೆಕ್ಕಿಗ (ಯಲ್ಲಾಪುರ) ಅವರ ಉತ್ತರ

ಹಿರಿಯರಿಬ್ಬರ ಮಾತನ್ನೂ ಗೌರವದಿಂದಲೇ ಓದಿದೆ. ಆದರೂ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸಬೇಕೆನಿಸಿತು. ಪ್ರಾಪರ್ಟಿ ಟೆಸ್ಟ್ ಎಷ್ಟೇ ಚೆನ್ನಾಗಿದ್ದರೂ, ಅರ್ಧ ಪೈಸೆಯನ್ನು ಮೇಲಕ್ಕೆ ಏರಿಸಬೇಕೋ ಬಿಡಬೇಕೋ, ಕಡಿತವನ್ನು ಪ್ರತಿ ಲಾಟಿಗೆ ಪೂರ್ಣಾಂಕ ಮಾಡಬೇಕೋ ಪಟ್ಟಿಯ ಕೊನೆಯಲ್ಲೋ ಎಂಬುದನ್ನು ಅದು ಹೇಳಲಾರದು. ಒಂದು ಪೈಸೆಯೊಳಗಿನ ವ್ಯತ್ಯಾಸ ಎಂಬ ಗುಣಕ್ಕೆ ಎರಡು ಪದ್ಧತಿಗಳೂ ಸರಿಹೋಗುತ್ತವೆ, ಬೆಳೆಗಾರರ ಕೈಗೆ ಹೋಗುವ ಪಟ್ಟಿಯಲ್ಲಿ ಬರುವುದು ಒಂದೇ. ಆ ಪದ್ಧತಿ ಯಾವುದೆಂದು ಲೆಕ್ಕ ಬರೆಯುವ ಗುಮಾಸ್ತರನ್ನೇ ಕೇಳಿ, ಅವರ ಹಳೆಯ ಪಟ್ಟಿಗಳಿಂದ ಹೆಸರು ತೆಗೆದು ಅಂಕಿಗಳನ್ನು ಎತ್ತಿಕೊಂಡು, ಅವನ್ನು ಹಾಗೆಯೇ ನಿರೀಕ್ಷಿತ ಬೆಲೆಗಳಾಗಿ ಟೆಸ್ಟ್‌ನಲ್ಲಿ ಬರೆಯಿರಿ. ಅರೆಚೀಲ ಕೋಕಾ ಅಡಿಕೆ, ಒಂದೇ ಬೆಳೆಗಾರರ ನಾಲ್ಕು ಬಗೆಯ ಮಾಲು, ಮುಂಗಡ ಪಡೆದವರ ಪಟ್ಟಿ, ಇಂಥವು ಜನರೇಟರ್‌ಗೆ ತಾವಾಗಿ ಹೊಳೆಯುವುದಿಲ್ಲ.

ಮುಖ್ಯವಾಗಿ, ನಿರೀಕ್ಷಿತ ಮೊತ್ತವನ್ನು ಟೆಸ್ಟ್‌ನೊಳಗೆ ಮತ್ತೆ ತೂಕ ಗುಣಿಸು ದರ ಎಂದು ಲೆಕ್ಕ ಹಾಕಿ ತೆಗೆಯಬೇಡಿ. ಕೋಡ್‌ನಲ್ಲಿ ಇರುವ ಸೂತ್ರವನ್ನೇ ಟೆಸ್ಟ್‌ನಲ್ಲೂ ಬರೆದರೆ ಎರಡೂ ಸೇರಿ ತಪ್ಪುತ್ತವೆ, ಟೆಸ್ಟ್ ಹಸಿರಾಗಿಯೇ ಇರುತ್ತದೆ. 78,560.63 ಎಂಬ ಅಂಕಿಯೇ ಅಲ್ಲಿ ಕಾಣಬೇಕು.

ತೋಟದಂಚು (ಶಿರಸಿ)

ಮೂವರಿಗೂ ಧನ್ಯವಾದಗಳು. ಪೈಸೆ ಮತ್ತು ಗ್ರಾಂ ಲೆಕ್ಕಕ್ಕೆ ಬದಲಾಯಿಸುವುದೆಂದೂ, ಸಮ ದರ ಬಂದಾಗ ಏನು ಮಾಡಬೇಕೆಂಬುದನ್ನು ವ್ಯಾಪಾರ ನಡೆಸುವವರಿಂದಲೇ ಬರಹದಲ್ಲಿ ಕೇಳಿ ಪಡೆಯುವುದೆಂದೂ ತೀರ್ಮಾನಿಸಿದ್ದೇವೆ. ಒಂದು ಪ್ರಶ್ನೆ ಉಳಿದಿದೆ. ಕೆಲವು ಲಾಟ್‌ಗಳಿಗೆ ಯಾರೂ ದರ ಬರೆಯುವುದಿಲ್ಲ. ಆಗ ನಮ್ಮ ಫಂಕ್ಷನ್ ಖಾಲಿ ಪಟ್ಟಿಯ ಎಕ್ಸೆಪ್ಷನ್ ಎಸೆಯುತ್ತದೆ. ಅಸರ್ಟ್‌ರೇಸ್ (ಎಕ್ಸೆಪ್ಷನ್ ಬರಲೇಬೇಕು ಎನ್ನುವ ಅಸರ್ಷನ್) ಬಳಸಿ ಅದನ್ನೇ ಟೆಸ್ಟ್‌ನಲ್ಲಿ ಬರೆದಿಟ್ಟರೆ ಸಾಕೇ? ಇದಲ್ಲದೆ, ಟೆಂಡರಿನ ದಿನಾಂಕವನ್ನು ಫಂಕ್ಷನ್ ಒಳಗೇ ಇಂದಿನ ದಿನವೆಂದು ತೆಗೆದುಕೊಳ್ಳುತ್ತಿದ್ದೇವೆ. ಅದನ್ನು ಹೇಗೆ ಪರೀಕ್ಷಿಸುವುದು?

ಕಾಳಿಸಂಗಮ (ಕಾರವಾರ)

ಸಾಕಾಗದು. ಆ ಎಕ್ಸೆಪ್ಷನ್ ನಿಮ್ಮದಲ್ಲ, ಒಳಗಿರುವ ಮ್ಯಾಕ್ಸ್‌ಬೈ ಎಸೆಯುವುದು. ನಾಳೆ ಅದರ ಬದಲು ರಿಡ್ಯೂಸ್ ಬಳಸಿದರೆ, ವ್ಯಾಪಾರದ ನಿಯಮ ಒಂದಿಷ್ಟೂ ಬದಲಾಗದಿದ್ದರೂ ಟೆಸ್ಟ್ ಬೀಳಬಹುದು. ಯಾರೂ ದರ ಬರೆಯದಿರುವುದು ಟೆಂಡರಿನಲ್ಲಿ ನಡೆಯುವ ಸಹಜ ಸಂಗತಿ; ಅದಕ್ಕೆ ‘ಎರರ್’ ಮತ್ತು ‘ದರ ಇಲ್ಲ’ ಎಂಬ ಎರಡು ಆಟಮ್‌ಗಳ ಟ್ಯೂಪಲ್ ಹಿಂದಿರುಗಿಸಿ, ಟೆಸ್ಟ್‌ನಲ್ಲಿ ಇಡೀ ಟ್ಯೂಪಲ್ ಅನ್ನು == ನಿಂದ ಹೋಲಿಸಿ. ಕೇವಲ ‘ಎರರ್’ ಎಂದು ಪ್ಯಾಟರ್ನ್ ಇಟ್ಟು ಕಾರಣದ ಜಾಗದಲ್ಲಿ ಯಾವುದಕ್ಕಾದರೂ ಹೊಂದುವ ಅಡಿಗೆರೆ (_) ಹಾಕಿದರೆ, ತೂಕ ದಾಖಲಾಗದೆ ಬಿದ್ದ ಲಾಟ್ ಕೂಡ ಆ ಟೆಸ್ಟ್‌ನಲ್ಲಿ ತೇರ್ಗಡೆಯಾಗುತ್ತದೆ. ಅಸರ್ಟ್‌ರೇಸ್ ಅನ್ನು ಕರೆದವರ ತಪ್ಪಿಗೆ, ಉದಾಹರಣೆಗೆ ಋಣಾತ್ಮಕ ತೂಕ ಕೊಟ್ಟಾಗ ನೀವೇ ಎಸೆಯುವ ಎಕ್ಸೆಪ್ಷನ್‌ಗೆ, ಮೀಸಲಿಡಿ.

ದಿನಾಂಕವನ್ನು ಫಂಕ್ಷನ್‌ಗೆ ಆರ್ಗ್ಯುಮೆಂಟ್ ಆಗಿ ಹೊರಗಿನಿಂದ ಕೊಡಿ. ಇಂದಿನ ದಿನವನ್ನು ಕೇಳುವ ಕರೆ ಡೇಟಾಬೇಸ್ ಇರುವ ಹೊರಪದರದಲ್ಲಿ ಒಂದೇ ಕಡೆ ಇರಲಿ. ಆಗ ಟೆಸ್ಟ್‌ನಲ್ಲಿ ಮಾರ್ಚ್ 31 ನ್ನೂ ಏಪ್ರಿಲ್ 1 ನ್ನೂ ನಿಮಗೆ ಬೇಕಾದಂತೆ ಕೊಟ್ಟು, ಪಟ್ಟಿ ಯಾವ ಆರ್ಥಿಕ ವರ್ಷದ ಕ್ರಮಸಂಖ್ಯೆ ಪಡೆಯುತ್ತದೆ ಎಂದು ನೋಡಬಹುದು. ಎರಡು ದಿನಾಂಕಗಳಲ್ಲಿ ಯಾವುದು ಮೊದಲು ಎಂದು ಕೇಳುವಾಗ ಮಾತ್ರ < ಚಿಹ್ನೆ ಬಳಸಬೇಡಿ. ಅದೂ ಡೆಸಿಮಲ್‌ನಂತೆಯೇ ಸ್ಟ್ರಕ್ಟ್‌ನ ಕೀಗಳನ್ನು ಅಕ್ಷರಕ್ರಮದಲ್ಲಿ ಹೋಲಿಸುವುದರಿಂದ ವರ್ಷಕ್ಕಿಂತ ಮೊದಲು ದಿನವನ್ನೇ ನೋಡಿಬಿಡುತ್ತದೆ, ಮಾರ್ಚ್ 31 ಏಪ್ರಿಲ್ 1 ಕ್ಕಿಂತ ನಂತರದ್ದು ಎನ್ನುತ್ತದೆ. ಡೇಟ್ ಮಾಡ್ಯೂಲಿನ ಕಂಪೇರ್ ಕರೆದು, ಬಂದ ಆಟಮ್ ಅನ್ನು == ನಿಂದ ಪರೀಕ್ಷಿಸಿ.